ಜೀವಕೋಶದ ಸಂಜ್ಞೆಯನ್ನು ಓದುವ ಪ್ರತಿಕಾಯ: ಸರಕಿನ ಗುಣಮಟ್ಟ ಮತ್ತು ಕೊಳ್ಳುವವರ ಹೊಣೆ

ಜೈವಿಕ ತಂತ್ರಜ್ಞಾನದ ಉದ್ಯಮವೆಂದೊಡನೆ ಔಷಧ, ಲಸಿಕೆ, ಇನ್ಸುಲಿನ್‌ಗಳು ನೆನಪಿಗೆ ಬರುವುದು ಸಹಜ. ಆದರೆ ಈ ಉದ್ಯಮದ ಸಂಶೋಧನಾ ವಿಭಾಗಗಳು ದಿನನಿತ್ಯ ಬಳಸುವ ಒಂದು ಪುಟ್ಟ ಸೀಸೆಯ ಬಗೆಗೆ ವಾಣಿಜ್ಯ ವಲಯದಲ್ಲಿ ಚರ್ಚೆ ನಡೆಯುವುದು ವಿರಳ. ಅದರಲ್ಲಿರುವ ದ್ರವ ಅನೇಕ ವೇಳೆ 100 ಮೈಕ್ರೋಲೀಟರು ಮಾತ್ರ, ಅಂದರೆ ಸುಮಾರು ಎರಡು ಹನಿ. ಬೆಲೆ ಮಾತ್ರ ಹತ್ತಾರು ಸಾವಿರ ರೂಪಾಯಿ. ಆ ಹನಿಗಳಲ್ಲಿರುವುದು ಮೊನೊಕ್ಲೋನಲ್ ಪ್ರತಿಕಾಯ. ಒಂದು ಔಷಧ ಜೀವಕೋಶದೊಳಗೆ ನಿಜವಾಗಿಯೂ ಕೆಲಸ ಮಾಡಿತೇ ಇಲ್ಲವೇ ಎಂಬ ತೀರ್ಮಾನವೂ, ಒಬ್ಬ ಕ್ಯಾನ್ಸರ್ ರೋಗಿಗೆ ಯಾವ ಚಿಕಿತ್ಸೆ ನೀಡಬೇಕೆಂಬ ನಿರ್ಣಯವೂ ಅದನ್ನೇ ಅವಲಂಬಿಸಿರುತ್ತವೆ. ಇಷ್ಟು ಮಹತ್ವದ ಸರಕಿನ ಗುಣಮಟ್ಟವನ್ನು ಕೊಳ್ಳುವವರು ಎಷ್ಟರ ಮಟ್ಟಿಗೆ ಪರಿಶೀಲಿಸುತ್ತಾರೆ ಎಂಬುದು ಉದ್ಯಮವು ಗಂಭೀರವಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆ.

ಸಂಜ್ಞಾ ಪ್ರೋಟೀನು ಎಂದರೇನು?

ನಮ್ಮ ಶರೀರದ ಪ್ರತಿಯೊಂದು ಜೀವಕೋಶವೂ ಹೊರಗಿನಿಂದ ಬರುವ ಸೂಚನೆಗಳಿಗೆ ಅನುಗುಣವಾಗಿ ಬೆಳೆಯುತ್ತದೆ, ವಿಭಜನೆ ಹೊಂದುತ್ತದೆ ಅಥವಾ ಸಾಯುತ್ತದೆ. ಈ ಸೂಚನೆಗಳನ್ನು ಜೀವಕೋಶದ ಹೊರಪದರದಲ್ಲಿರುವ ಗ್ರಾಹಿ ಪ್ರೋಟೀನುಗಳು ಸ್ವೀಕರಿಸಿ, ಒಳಗಿನ ಇತರ ಪ್ರೋಟೀನುಗಳ ಮೂಲಕ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಈ ಸರಪಳಿಯಲ್ಲಿ ಪ್ರಮುಖ ಪಾತ್ರ ವಹಿಸುವ ಕಿಣ್ವಗಳಿಗೆ ಕೈನೇಸ್ ಎಂದು ಹೆಸರು. ಒಂದು ಪ್ರೋಟೀನಿನ ನಿರ್ದಿಷ್ಟ ಸ್ಥಾನಕ್ಕೆ ಫಾಸ್ಫೇಟ್ ಎಂಬ ರಾಸಾಯನಿಕ ಗುಂಪನ್ನು ಜೋಡಿಸುವುದು ಇವುಗಳ ಕೆಲಸ. ಫಾಸ್ಫೇಟ್ ಕೂಡಿಕೊಂಡಾಗ ಆ ಪ್ರೋಟೀನು ಚುರುಕಾಗುವುದು ಅಥವಾ ಸ್ತಬ್ಧವಾಗುವುದು. ಫಾಸ್ಫೇಟ್ ಕಳಚಿದಾಗ ಮೊದಲಿನ ಸ್ಥಿತಿಗೆ ಮರಳುವುದು. ಈ ವ್ಯವಸ್ಥೆಯನ್ನು ಕಂಡುಹಿಡಿದ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಸೂಚನೆಯೇ ಇಲ್ಲದೆ ಈ ಸರಪಳಿ ನಿರಂತರವಾಗಿ ಚಾಲನೆಯಲ್ಲಿರುವುದು ಅನೇಕ ಬಗೆಯ ಕ್ಯಾನ್ಸರುಗಳ ಮೂಲ ಕಾರಣ.

ಆದ್ದರಿಂದ ಸಂಶೋಧಕರಿಗೆ ಎರಡು ವಿಷಯಗಳು ತಿಳಿಯಬೇಕು. ಒಂದು, ಆ ಪ್ರೋಟೀನು ಜೀವಕೋಶದಲ್ಲಿ ಎಷ್ಟಿದೆ? ಎರಡು, ಅದರಲ್ಲಿ ಎಷ್ಟು ಭಾಗಕ್ಕೆ ಫಾಸ್ಫೇಟ್ ಕೂಡಿಕೊಂಡಿದೆ? ಸಾವಿರಾರು ಬಗೆಯ ಪ್ರೋಟೀನುಗಳ ನಡುವೆ ಒಂದನ್ನು ಮಾತ್ರ ಹುಡುಕಿ ಹಿಡಿಯುವ ಈ ಕೆಲಸಕ್ಕೆ ಪ್ರತಿಕಾಯವೇ ತಕ್ಕ ಸಾಧನ.

ಕೇಂಬ್ರಿಡ್ಜಿನ ಆವಿಷ್ಕಾರ, ಕೈತಪ್ಪಿದ ಪೇಟೆಂಟ್

ಶರೀರದೊಳಗೆ ಪರಕೀಯ ವಸ್ತುವೊಂದು ಪ್ರವೇಶಿಸಿದಾಗ ಹಲವು ಬಗೆಯ ರಕ್ತಕಣಗಳು ಹಲವು ಬಗೆಯ ಪ್ರತಿಕಾಯಗಳನ್ನು ಉತ್ಪಾದಿಸುತ್ತವೆ. ಪ್ರಾಣಿಯ ರಕ್ತದಿಂದ ನೇರವಾಗಿ ಪಡೆದ ಪ್ರತಿಕಾಯ ಇಂಥದೊಂದು ಮಿಶ್ರಣ. ಪ್ರಾಣಿ ಬದಲಾದರೆ ಮಿಶ್ರಣವೂ ಬದಲಾಗುತ್ತದೆ. ಈ ತೊಡಕನ್ನು ನಿವಾರಿಸಿದವರು ಕೇಂಬ್ರಿಡ್ಜಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಪ್ರಯೋಗಾಲಯದ ಸೀಸರ್ ಮಿಲ್‌ಸ್ಟೈನ್ ಮತ್ತು ಜಾರ್ಜ್ ಕೋಹ್ಲರ್. ಇಲಿಯ ಗುಲ್ಮದಲ್ಲಿರುವ, ಪ್ರತಿಕಾಯ ಉತ್ಪಾದಿಸುವ ಕಣವು ಗಾಜಿನ ತಟ್ಟೆಯಲ್ಲಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಮೈಲೋಮಾ ಎಂಬ ಕ್ಯಾನ್ಸರ್ ಕಣವಾದರೋ ಅಳಿವಿಲ್ಲದೆ ಬೆಳೆಯುತ್ತದೆ. ಇವೆರಡನ್ನೂ ಬೆಸೆದು ಅವರು ಪಡೆದ ಹೈಬ್ರಿಡೋಮಾ ಕಣವು ನಿರಂತರವಾಗಿ ಬೆಳೆಯುತ್ತ ಒಂದೇ ಬಗೆಯ ಪ್ರತಿಕಾಯವನ್ನು ಸ್ರವಿಸಿತು. 1975ರ ಆಗಸ್ಟ್ 7ರ ‘ನೇಚರ್’ ಪತ್ರಿಕೆಯಲ್ಲಿ ಈ ಸಂಶೋಧನೆ ಪ್ರಕಟವಾಯಿತು. 1984ರಲ್ಲಿ ನೀಲ್ಸ್ ಜೆರ್ನೆ ಅವರೊಂದಿಗೆ ಇವರಿಬ್ಬರೂ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ವಾಣಿಜ್ಯದ ದೃಷ್ಟಿಯಿಂದ ಗಮನಿಸಬೇಕಾದ ಸಂಗತಿ ಬೇರೆಯೇ ಇದೆ. ಈ ವಿಧಾನಕ್ಕೆ ಪೇಟೆಂಟ್ ಪಡೆಯಲೇ ಇಲ್ಲ. ಬ್ರಿಟನ್ನಿನಲ್ಲಿ ಸರ್ಕಾರಿ ಸಂಶೋಧನೆಗಳ ವಾಣಿಜ್ಯ ಹಕ್ಕುಗಳನ್ನು ನೋಡಿಕೊಳ್ಳುತ್ತಿದ್ದ ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮಕ್ಕೆ ವಿಷಯ ತಿಳಿಸಲಾಗಿತ್ತು. ಆದರೆ ತತ್‌ಕ್ಷಣದ ವ್ಯಾವಹಾರಿಕ ಉಪಯೋಗ ಕಾಣುತ್ತಿಲ್ಲವೆಂದು ನಿಗಮವು 1976ರಲ್ಲಿ ಅಭಿಪ್ರಾಯಪಟ್ಟಿತು. ಮಿಲ್‌ಸ್ಟೈನ್ ತಮ್ಮ ಕಣಗಳನ್ನು ಕೇಳಿದ ಪ್ರಯೋಗಾಲಯಗಳಿಗೆ ಉದಾರವಾಗಿ ಹಂಚಿದರು. ಅವುಗಳನ್ನು ಪಡೆದವರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯೂ ಒಂದು. ಅಲ್ಲಿನ ವಿಜ್ಞಾನಿಗಳು ವೈರಾಣು ಮತ್ತು ಗೆಡ್ಡೆಗಳ ವಿರುದ್ಧದ ಮೊನೊಕ್ಲೋನಲ್ ಪ್ರತಿಕಾಯಗಳಿಗೆ 1979 ಮತ್ತು 1980ರಲ್ಲಿ ಪೇಟೆಂಟ್ ಪಡೆದರು. ಬ್ರಿಟನ್ನಿನಲ್ಲಿ ಇದು ದೊಡ್ಡ ರಾಜಕೀಯ ಚರ್ಚೆಗೆ ಕಾರಣವಾಯಿತು. ಮೂಲ ವಿಧಾನಕ್ಕೆ ಒಡೆಯರಿಲ್ಲದ ಕಾರಣ ಜಗತ್ತಿನಾದ್ಯಂತ ಸಂಸ್ಥೆಗಳು ಪ್ರತಿಕಾಯಗಳನ್ನು ಮುಕ್ತವಾಗಿ ತಯಾರಿಸಿ ಮಾರಲು ತೊಡಗಿದವು. ಮಾರುಕಟ್ಟೆ ವೇಗವಾಗಿ ಬೆಳೆಯಿತು. ಗುಣಮಟ್ಟದ ನಿಯಮಗಳು ಅದೇ ವೇಗದಲ್ಲಿ ಬೆಳೆಯಲಿಲ್ಲ.

ಪ್ರಯೋಗಾಲಯದಲ್ಲಿ ನಡೆಯುವುದೇನು?

ಸಂಜ್ಞಾ ಪ್ರೋಟೀನುಗಳ ಪತ್ತೆಗೆ ಹೆಚ್ಚು ಬಳಕೆಯಲ್ಲಿರುವ ವಿಧಾನ ವೆಸ್ಟರ್ನ್ ಬ್ಲಾಟ್. ಇದು 1979ರಿಂದ ಪ್ರಚಾರಕ್ಕೆ ಬಂದಿತು. ಮೊದಲು ಜೀವಕೋಶಗಳನ್ನು ಮಂಜುಗಡ್ಡೆಯ ಮೇಲಿಟ್ಟು ಒಡೆಯುತ್ತಾರೆ. ಫಾಸ್ಫೇಟನ್ನು ಕಳಚುವ ಕಿಣ್ವಗಳು ತಮ್ಮ ಕೆಲಸ ಮಾಡದಂತೆ ಅವುಗಳನ್ನು ತಡೆಯುವ ರಾಸಾಯನಿಕಗಳನ್ನು ಸೇರಿಸುತ್ತಾರೆ. ಈ ಹಂತದಲ್ಲಿ ವಿಳಂಬವಾದರೆ ಸಂಜ್ಞೆಯೇ ಅಳಿಸಿಹೋಗುತ್ತದೆ. ಅನಂತರ ಪ್ರೋಟೀನುಗಳ ಮಿಶ್ರಣವನ್ನು ಜೆಲ್ಲಿನ ಮೂಲಕ ವಿದ್ಯುತ್ತಿನ ಬಲದಿಂದ ಹಾಯಿಸುತ್ತಾರೆ. ಸಣ್ಣವು ಮುಂದೆ ಸಾಗುತ್ತವೆ, ದೊಡ್ಡವು ಹಿಂದೆ ಉಳಿಯುತ್ತವೆ. ಹೀಗೆ ಬೇರ್ಪಟ್ಟ ಪ್ರೋಟೀನುಗಳನ್ನು ತೆಳುವಾದ ಪೊರೆಗೆ ವರ್ಗಾಯಿಸಿ ಅದರ ಮೇಲೆ ಪ್ರತಿಕಾಯವನ್ನು ಹರಡುತ್ತಾರೆ. ಅದು ತನ್ನ ಗುರಿಯನ್ನು ಹುಡುಕಿ ಅಂಟಿಕೊಳ್ಳುತ್ತದೆ. ಬೆಳಕು ಹೊಮ್ಮಿಸುವ ಕಿಣ್ವವನ್ನು ಹೊತ್ತ ಎರಡನೆಯ ಪ್ರತಿಕಾಯದ ನೆರವಿನಿಂದ ಆ ಜಾಗ ಒಂದು ಪಟ್ಟಿಯಾಗಿ ಗೋಚರಿಸುತ್ತದೆ.

ಉದಾಹರಣೆಗೆ, ಜೀವಕೋಶದ ಬೆಳವಣಿಗೆಗೆ ಸಂಬಂಧಿಸಿದ ಇಆರ್‌ಕೆ ಪ್ರೋಟೀನು 44 ಮತ್ತು 42 ಕಿಲೋಡಾಲ್ಟನ್ ತೂಕದ ಎರಡು ರೂಪಗಳಲ್ಲಿದೆ. ಅದನ್ನು ಒಟ್ಟಾರೆಯಾಗಿ ಗುರುತಿಸುವ ಪ್ರತಿಕಾಯವೂ, ಫಾಸ್ಫೇಟ್ ಕೂಡಿಕೊಂಡ ರೂಪವನ್ನು ಮಾತ್ರ ಗುರುತಿಸುವ ಪ್ರತಿಕಾಯವೂ ಪ್ರತ್ಯೇಕವಾಗಿ ದೊರೆಯುತ್ತವೆ. ಇವೆರಡರ ಫಲಿತಾಂಶಗಳನ್ನು ತಾಳೆ ನೋಡಿದಾಗ ಮಾತ್ರ ನಿಜಸ್ಥಿತಿ ತಿಳಿಯುತ್ತದೆ. ಒಟ್ಟು ಮೊತ್ತ ಗೊತ್ತಿಲ್ಲದೆ ಅದರ ಒಂದು ಭಾಗವನ್ನು ಮಾತ್ರ ನೋಡಿ ಲೆಕ್ಕ ಹೇಳಲಾಗದು.

ಒಂದು ಪ್ರತಿಕಾಯದಿಂದ ಒಂದು ಔಷಧದವರೆಗೆ

ಇಂಥ ಸಾಧನದ ಬೆಲೆ ಏನೆಂಬುದಕ್ಕೆ ಇಮಾಟಿನಿಬ್ ಔಷಧದ ಇತಿಹಾಸವೇ ಸಾಕ್ಷಿ. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನಲ್ಲಿ ಬಿಸಿಆರ್-ಎಬಿಎಲ್ ಎಂಬ ಕೈನೇಸ್ ಎಡೆಬಿಡದೆ ಕೆಲಸ ಮಾಡುತ್ತಿರುತ್ತದೆ. ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಕೂಡಿಕೊಂಡಿರುವುದನ್ನು ಗುರುತಿಸುವ 4ಜಿ10 ಎಂಬ ಮೊನೊಕ್ಲೋನಲ್ ಪ್ರತಿಕಾಯವನ್ನು ರೂಪಿಸುವುದರಲ್ಲಿ ವೈದ್ಯ ವಿಜ್ಞಾನಿ ಬ್ರಯಾನ್ ಡ್ರೂಕರ್ ಬಾಸ್ಟನ್ನಿನಲ್ಲಿದ್ದಾಗ ಪ್ರಮುಖ ಪಾತ್ರ ವಹಿಸಿದ್ದರು. ಮುಂದೆ ಆರೆಗಾನ್‌ಗೆ ತೆರಳಿದ ಅವರು, ಸ್ವಿಟ್ಜರ್ಲೆಂಡಿನ ಸೀಬಾ-ಗೈಗಿ ಸಂಸ್ಥೆ ತಯಾರಿಸಿದ ರಾಸಾಯನಿಕವೊಂದು ಈ ಕೈನೇಸನ್ನು ತಡೆಯುತ್ತದೆಯೆಂದು ಸಹೋದ್ಯೋಗಿಗಳೊಡನೆ ತೋರಿಸಿದರು. ಔಷಧ ಬೆರೆಸಿದಂತೆ ಫಾಸ್ಫೇಟಿನ ಪಟ್ಟಿಗಳು ಮಸುಕಾಗುತ್ತ ಹೋದುದನ್ನು ಕಾಣಿಸಿದ್ದು ಪ್ರತಿಕಾಯವೇ. 1996ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. 1998ರಲ್ಲಿ ರೋಗಿಗಳ ಮೇಲೆ ಪರೀಕ್ಷೆ ಆರಂಭವಾಯಿತು. 2001ರ ಮೇ ತಿಂಗಳಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮಾನ್ಯತೆ ನೀಡಿತು.

ಈ ಔಷಧವೇ ಮುಂದೆ ಭಾರತದ ಪೇಟೆಂಟ್ ಕಾನೂನಿನ ಕಟ್ಟಳೆಯನ್ನು ಒರೆಗೆ ಹಚ್ಚಿತೆಂಬುದು ವಾಣಿಜ್ಯ ಸಮುದಾಯಕ್ಕೆ ತಿಳಿದದ್ದೇ. ಇಮಾಟಿನಿಬ್‌ನ ಒಂದು ವಿಶಿಷ್ಟ ಸ್ಫಟಿಕ ರೂಪಕ್ಕೆ ನೊವಾರ್ಟಿಸ್ ಕೋರಿದ್ದ ಪೇಟೆಂಟನ್ನು ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 1ರಂದು, ಪೇಟೆಂಟ್ ಕಾಯಿದೆಯ 3(ಡಿ) ಪ್ರಕರಣದ ಆಧಾರದ ಮೇಲೆ ನಿರಾಕರಿಸಿತು. ಆ ವಿವಾದದ ಸಂದರ್ಭದಲ್ಲಿ ಮೂಲ ಔಷಧದ ಒಂದು ತಿಂಗಳ ವೆಚ್ಚ ಸುಮಾರು 1.2 ಲಕ್ಷ ರೂಪಾಯಿ. ಭಾರತೀಯ ಸಂಸ್ಥೆಗಳ ಔಷಧಕ್ಕೆ ಸುಮಾರು 8ರಿಂದ 10 ಸಾವಿರ ರೂಪಾಯಿ ಎಂದು ವರದಿಯಾಗಿತ್ತು.

ಲೇಬಲ್ಲಿನ ಮಾತು ಎಷ್ಟು ನಂಬಿಕೆಗೆ ಅರ್ಹ?

ಎಲ್ಲ ಪ್ರತಿಕಾಯಗಳೂ ಇಷ್ಟು ನಿಷ್ಠೆಯಿಂದ ಕೆಲಸ ಮಾಡುವುದಿಲ್ಲ. ಕೆಲವು ಗುರಿಯನ್ನು ಬಿಟ್ಟು ಬೇರೆ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಕೆಲವು ಯಾವುದಕ್ಕೂ ಅಂಟುವುದಿಲ್ಲ. 2015ರಲ್ಲಿ ಆಂಡ್ರ್ಯೂ ಬ್ರಾಡ್ಬರಿ ಮತ್ತು ಆಂಡ್ರಿಯಾಸ್ ಪ್ಲುಕ್‌ಥನ್ ನೂರಕ್ಕೂ ಹೆಚ್ಚು ವಿಜ್ಞಾನಿಗಳ ಸಹಮತದೊಂದಿಗೆ ‘ನೇಚರ್’ ಪತ್ರಿಕೆಯಲ್ಲಿ ಈ ಕುರಿತು ಎಚ್ಚರಿಕೆ ನೀಡಿದರು. ಇಂಥ ಸಾಧನಗಳಿಗೆ ಜಗತ್ತಿನಾದ್ಯಂತ ವರ್ಷಕ್ಕೆ ವ್ಯಯವಾಗುತ್ತಿದ್ದ ಸುಮಾರು 160 ಕೋಟಿ ಡಾಲರಿನಲ್ಲಿ ಅರ್ಧದಷ್ಟು ಕಳಪೆ ಪ್ರತಿಕಾಯಗಳಿಗೆ ಹೋಗುತ್ತಿದೆಯೆಂಬುದು ಅವರ ಅಂದಾಜಾಗಿತ್ತು.

ಮೊನೊಕ್ಲೋನಲ್ ಎಂಬ ಹೆಸರೊಂದೇ ಶುದ್ಧತೆಯ ಖಾತರಿಯಲ್ಲ. 185 ಹೈಬ್ರಿಡೋಮಾಗಳನ್ನು ಪರೀಕ್ಷಿಸಿದ 2018ರ ಅಧ್ಯಯನದಲ್ಲಿ 59ರಲ್ಲಿ, ಅಂದರೆ ಸುಮಾರು ಶೇ. 32ರಲ್ಲಿ, ಹೆಚ್ಚುವರಿ ಪ್ರತಿಕಾಯ ಸರಪಳಿಗಳು ಕಂಡುಬಂದವು. 2023ರಲ್ಲಿ ಪ್ರಕಟವಾದ, ಕೆನಡಾದ ಮಾಂಟ್ರಿಯಲ್‌ನ ವಿಜ್ಞಾನಿಗಳು ಮುಂದಾಳತ್ವ ವಹಿಸಿದ ಇನ್ನೊಂದು ಅಧ್ಯಯನವು 65 ಪ್ರೋಟೀನುಗಳಿಗೆ ಸಂಬಂಧಿಸಿದ 614 ವಾಣಿಜ್ಯ ಪ್ರತಿಕಾಯಗಳನ್ನು ಒರೆಗೆ ಹಚ್ಚಿತು. ಗುರಿಯನ್ನು ಗುರುತಿಸಲಾಗದ ಪ್ರತಿಕಾಯದಿಂದ ಪಡೆದ ಮಾಹಿತಿಯು ಪ್ರತಿ ಪ್ರೋಟೀನಿಗೆ ಸರಾಸರಿ ಸುಮಾರು 12 ಪ್ರಕಟಿತ ಪ್ರಬಂಧಗಳಲ್ಲಿ ಸೇರಿತ್ತೆಂದು ಅದು ತೋರಿಸಿತು. ಸಮಾಧಾನದ ಸಂಗತಿಯೂ ಇದೆ. ಉತ್ಪಾದಕರು ತಾವಾಗಿಯೇ ಈ ಅಧ್ಯಯನದಲ್ಲಿ ಸಹಕರಿಸಿ, ವಿಫಲವಾದ ಸರಕಿನ ಪೈಕಿ ಸುಮಾರು ಶೇ. 20ನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು; ಸುಮಾರು ಶೇ. 40ಕ್ಕೆ ಬಳಕೆಯ ಸೂಚನೆಯನ್ನು ಬದಲಿಸಿದರು.

ರೋಗಿಯ ಹಾಸಿಗೆಯ ಬಳಿ

ಸಂಶೋಧನೆಯಲ್ಲಿ ತಪ್ಪಾದರೆ ಹಣ ಮತ್ತು ಕಾಲ ವ್ಯರ್ಥವಾಗುತ್ತವೆ. ಆಸ್ಪತ್ರೆಯಲ್ಲಿ ತಪ್ಪಾದರೆ ನಷ್ಟ ಅದಕ್ಕಿಂತ ಘೋರ. ಸ್ತನ ಕ್ಯಾನ್ಸರುಗಳಲ್ಲಿ ಸುಮಾರು ಶೇ. 15ರಿಂದ 20ರಷ್ಟರಲ್ಲಿ ಹರ್2 ಎಂಬ ಗ್ರಾಹಿ ಪ್ರೋಟೀನು ಅತಿಯಾಗಿರುತ್ತದೆ. ಅಂಥವರಿಗೆ ಟ್ರಾಸ್ಟುಜುಮಾಬ್ ಎಂಬ, ತಾನೂ ಮೊನೊಕ್ಲೋನಲ್ ಪ್ರತಿಕಾಯವೇ ಆಗಿರುವ ಔಷಧ ಫಲಕಾರಿ. ಗೆಡ್ಡೆಯ ತುಣುಕಿಗೆ ಪರೀಕ್ಷಾ ಪ್ರತಿಕಾಯವನ್ನು ಲೇಪಿಸಿ, ಬಣ್ಣದ ಗಾಢತೆಗೆ ಅನುಗುಣವಾಗಿ 0ಯಿಂದ 3ರವರೆಗೆ ಅಂಕ ನೀಡುತ್ತಾರೆ. ಅಮೆರಿಕದ ಕ್ಯಾನ್ಸರ್ ತಜ್ಞರ ಮತ್ತು ರೋಗಪರೀಕ್ಷಕರ ಸಂಘಗಳು 2007ರಲ್ಲಿ ಜಂಟಿಯಾಗಿ ಹೊರಡಿಸಿದ ಮಾರ್ಗಸೂಚಿಯು, ಆಗಿನ ಹರ್2 ಪರೀಕ್ಷೆಗಳಲ್ಲಿ ಸುಮಾರು ಶೇ. 20ರಷ್ಟು ತಪ್ಪಾಗಿರಬಹುದೆಂದು ಹೇಳಿತ್ತು. ತಪ್ಪಿನಿಂದ ಅಂಕ ಹೆಚ್ಚಾದರೆ ರೋಗಿಯು ಫಲವಿಲ್ಲದ ದುಬಾರಿ ಚಿಕಿತ್ಸೆಗೆ ಹಣ ತೆರುತ್ತಾಳೆ. ಕಡಿಮೆಯಾದರೆ ಜೀವ ಉಳಿಸಬಹುದಾದ ಔಷಧದಿಂದ ವಂಚಿತಳಾಗುತ್ತಾಳೆ.

ಕರ್ನಾಟಕಕ್ಕೆ ಈ ವಿಷಯ ದೂರದ್ದಲ್ಲ. ಬೆಂಗಳೂರಿನ ಬಯೋಕಾನ್ 2006ರಲ್ಲಿ ನಿಮೋಟುಜುಮಾಬ್ ಎಂಬ ಪ್ರತಿಕಾಯ ಔಷಧವನ್ನು ಬಿಡುಗಡೆ ಮಾಡಿತು. ಮೈಲಾನ್ ಸಹಯೋಗದಲ್ಲಿ ಅದು ಅಭಿವೃದ್ಧಿಪಡಿಸಿದ ಟ್ರಾಸ್ಟುಜುಮಾಬ್‌ನ ಸದೃಶ ಔಷಧಕ್ಕೆ 2017ರ ಡಿಸೆಂಬರಿನಲ್ಲಿ ಅಮೆರಿಕದ ಮಾನ್ಯತೆ ಲಭಿಸಿತು. ಭಾರತೀಯ ವಿಜ್ಞಾನ ಸಂಸ್ಥೆ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಹಾಗೂ ವಿದೇಶಿ ಔಷಧ ಕಂಪನಿಗಳಿಗಾಗಿ ಸಂಶೋಧನೆ ನಡೆಸುವ ಗುತ್ತಿಗೆ ಸಂಸ್ಥೆಗಳು ನಗರದಲ್ಲಿವೆ. ಗುತ್ತಿಗೆ ಸಂಶೋಧನೆಯಲ್ಲಿ ಮಾರಾಟವಾಗುವುದು ಮಾಹಿತಿ. ಆ ಮಾಹಿತಿ ಇನ್ನೊಂದು ದೇಶದಲ್ಲಿ ಮರುಕಳಿಸದಿದ್ದರೆ ಸಂಸ್ಥೆಯ ಹೆಸರಿಗೇ ಧಕ್ಕೆ.

ಕೊಳ್ಳುವವರು ಕೈಗೊಳ್ಳಬಹುದಾದ ಕ್ರಮಗಳು

ಮೊದಲನೆಯದು, ಪರೀಕ್ಷೆ. ಗುರಿ ಪ್ರೋಟೀನಿನ ಜೀನನ್ನು ತೆಗೆದುಹಾಕಿದ ಜೀವಕೋಶಗಳಲ್ಲಿ ಪ್ರತಿಕಾಯವು ಯಾವ ಪಟ್ಟಿಯನ್ನೂ ತೋರಿಸಬಾರದು. ಅಲ್ಲಿಯೂ ಪಟ್ಟಿ ಕಂಡರೆ ಅದು ಬೇರೇನನ್ನೋ ಹಿಡಿಯುತ್ತಿದೆ ಎಂದರ್ಥ. ಫಾಸ್ಫೇಟ್ ರೂಪವನ್ನು ಗುರುತಿಸುವ ಪ್ರತಿಕಾಯವಾದರೆ, ಫಾಸ್ಫೇಟನ್ನು ಕಿಣ್ವದಿಂದ ಕಳಚಿದ ಮಾದರಿಯಲ್ಲಿ ಪಟ್ಟಿ ಮಾಯವಾಗಬೇಕು. ಎರಡನೆಯದು, ಬಳಕೆಗೆ ತಕ್ಕ ಖರೀದಿ. ವೆಸ್ಟರ್ನ್ ಬ್ಲಾಟಿನಲ್ಲಿ ಯಶಸ್ವಿಯಾದ ಪ್ರತಿಕಾಯ ಗೆಡ್ಡೆಯ ತುಣುಕಿನಲ್ಲಿಯೂ ಯಶಸ್ವಿಯಾಗುವುದೆಂಬ ನಿಯಮವಿಲ್ಲ. ಮೂರನೆಯದು, ಸಾಧ್ಯವಿದ್ದಲ್ಲೆಲ್ಲ ಮರುಸಂಯೋಜಿತ ಪ್ರತಿಕಾಯಕ್ಕೆ ಆದ್ಯತೆ. ಇದರ ಜೀನಿನ ವಿವರ ದಾಖಲಾಗಿರುವುದರಿಂದ ಪ್ರತಿ ಬಾರಿಯೂ ಅದೇ ಸರಕನ್ನು ತಯಾರಿಸಬಹುದು. ಮೇಲೆ ಹೇಳಿದ 2023ರ ಅಧ್ಯಯನದಲ್ಲಿಯೂ ಇವೇ ಉಳಿದವುಗಳಿಗಿಂತ ಉತ್ತಮ ಫಲ ನೀಡಿದವು. ನಾಲ್ಕನೆಯದು, ದಾಖಲೆ. ಉತ್ಪಾದಕರ ಕೆಟಲಾಗ್ ಸಂಖ್ಯೆ, ತಂಡದ ಸಂಖ್ಯೆ, ಬಂದ ದಿನ, ಶೇಖರಣೆಯ ಉಷ್ಣತೆ ಮತ್ತು ಪರೀಕ್ಷೆಯ ಫಲಿತಾಂಶವನ್ನು ದಾಸ್ತಾನು ಪುಸ್ತಕದಲ್ಲಿ ನಮೂದಿಸಬೇಕು. ಹೊಸ ತಂಡ ಬಂದಾಗ ಹಳೆಯದರೊಂದಿಗೆ ಹೋಲಿಸಿಯೇ ಬಳಕೆಗೆ ಬಿಡಬೇಕು.

ಈ ಪರೀಕ್ಷೆಗಳಿಗೆ ಖರ್ಚು ತಗಲುತ್ತದೆ ಎಂಬುದು ನಿಜ. ಖರೀದಿ ವಿಭಾಗವು ಕಡಿಮೆ ದರದ ಪಟ್ಟಿಯನ್ನಷ್ಟೇ ನೋಡಿದಾಗ ಈ ಖರ್ಚು ಅನಗತ್ಯವೆಂದು ತೋರಬಹುದು. ಆದರೆ ದೋಷಪೂರಿತ ಪ್ರತಿಕಾಯದ ನಿಜವಾದ ವೆಚ್ಚದಲ್ಲಿ ಅದನ್ನು ನಂಬಿ ನಡೆಸಿದ ತಿಂಗಳುಗಟ್ಟಲೆಯ ಪ್ರಯೋಗ, ಸಿಬ್ಬಂದಿಯ ವೇತನ ಮತ್ತು ಕೈಬಿಡಬೇಕಾಗಿ ಬಂದ ಯೋಜನೆಯೂ ಸೇರಿರುತ್ತವೆ. ಇವು ಸೀಸೆಯ ಬಿಲ್ಲಿನಲ್ಲಿ ಕಾಣಿಸುವುದಿಲ್ಲ. ಆದುದರಿಂದ ಪ್ರತಿಕಾಯದ ಪರಿಶೀಲನೆಗೆ ಪ್ರತಿ ಯೋಜನೆಯ ಆಯವ್ಯಯದಲ್ಲಿಯೇ ಪ್ರತ್ಯೇಕ ಬಾಬ್ತು ಒದಗಿಸಿ, ಖರೀದಿಯ ಆದೇಶಕ್ಕೆ ವಿಜ್ಞಾನಿಯ ಪರೀಕ್ಷಾ ವರದಿಯನ್ನು ಲಗತ್ತಿಸುವ ಪದ್ಧತಿಯನ್ನು ನಮ್ಮ ಸಂಸ್ಥೆಗಳು ರೂಢಿಸಿಕೊಳ್ಳುವುದು ಲೇಸು.