ಬಳ್ಳಾರಿಯ ಸುದ್ದಿ ಮೇದಿನೀಪುರ ಮುಟ್ಟುವಷ್ಟರಲ್ಲಿ

2024ರ ನವೆಂಬರ್ 9ರಿಂದ 11ರವರೆಗೆ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ 34 ಸಿಸೇರಿಯನ್ ಹೆರಿಗೆಗಳಾದವು. ಹಾಗೆ ಹೆತ್ತವರಲ್ಲಿ ಏಳು ಬಾಣಂತಿಯರ ಸ್ಥಿತಿ ಒಬ್ಬರ ಹಿಂದೊಬ್ಬರಂತೆ ಬಿಗಡಾಯಿಸಿತು. ಕಿಡ್ನಿ ಕೈಕೊಟ್ಟಿತು, ಆಮೇಲೆ ಉಳಿದ ಅಂಗಗಳೂ. ಡಿಸೆಂಬರ್ ಮೊದಲ ವಾರ ಕಳೆಯುವಷ್ಟರಲ್ಲಿ ಐವರು ತೀರಿಕೊಂಡಿದ್ದರು. ಅನುಮಾನ ಬಿದ್ದದ್ದು ಅವರ ಕೈಗೆ ಚುಚ್ಚಿದ್ದ ಡ್ರಿಪ್ ಮೇಲೆ: ರಿಂಗರ್ ಲ್ಯಾಕ್ಟೇಟ್ ಎಂಬ ದ್ರವ, ಆಸ್ಪತ್ರೆಯವರ ಬಾಯಲ್ಲಿ ಬರೀ ‘ಆರ್‌ಎಲ್’. ಅದನ್ನು ಪೂರೈಸಿದ್ದು ಪಶ್ಚಿಮ ಬಂಗಾಳದ ಪಶ್ಚಿಮ ಬಂಗ ಫಾರ್ಮಾಸ್ಯೂಟಿಕಲ್ಸ್ ಎಂಬ ಕಂಪನಿ.

2025ರ ಜನವರಿ 8ರ ರಾತ್ರಿ, ಅದೇ ಬಂಗಾಳದ ಮೇದಿನೀಪುರ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಹೀಗೆಯೇ ಹಾಸಿಗೆ ಹಿಡಿದರು. ಒಬ್ಬಾಕೆ 10ರಂದು ತೀರಿಕೊಂಡರು. ಮೂವರನ್ನು ರಸ್ತೆ ತೆರವು ಮಾಡಿಸಿ ಕೋಲ್ಕತ್ತದ ಎಸ್‌ಎಸ್‌ಕೆಎಂ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿಯೂ ಆರ್‌ಎಲ್, ಅಲ್ಲಿಯೂ ಅದೇ ಕಂಪನಿ.

ಎರಡರ ನಡುವೆ ಎರಡು ತಿಂಗಳ ಅಂತರ. ರೋಗಿಯ ಸುರಕ್ಷತೆಗೆ ಒಂದು ದೇಶ ಯೋಜನೆ ಹಾಕಿಕೊಳ್ಳುವುದು ಅಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಈ ಎರಡು ತಿಂಗಳನ್ನೇ ತೋರಿಸುತ್ತೇನೆ. ಒಂದು ಊರಿನ ಆಸ್ಪತ್ರೆಯಲ್ಲಿ ಆದ ಅನಾಹುತ ಇನ್ನೊಂದು ಊರಿನಲ್ಲಿ ಮುಂದಿನ ಬಾಟಲಿಯನ್ನು ನೇತುಹಾಕುವ ಮೊದಲೇ ಅಲ್ಲಿಗೆ ಗೊತ್ತಾಗಬೇಕು. ಮಿಕ್ಕ ಘೋಷಣೆಗಳೆಲ್ಲ ಆಮೇಲಿನ ಮಾತು.

ಈ ಕಥೆಗೆ ಕೋಲ್ಕತ್ತಕ್ಕಿಂತ ತಕ್ಕ ಊರು ಸಿಗಲಾರದು. ರಕ್ತನಾಳದ ಮೂಲಕ ಉಪ್ಪುನೀರು ಕೊಟ್ಟು ಜೀವ ಉಳಿಸುವ ವಿದ್ಯೆ ನಮ್ಮ ದೇಶದಲ್ಲಿ ಬೇರೂರಿದ್ದೇ ಇಲ್ಲಿ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಲಿಯೊನಾರ್ಡ್ ರಾಜರ್ಸ್ ಎಂಬ ವೈದ್ಯ ಕಲ್ಕತ್ತಾ ಮೆಡಿಕಲ್ ಕಾಲೇಜಿನ ಕಾಲರಾ ರೋಗಿಗಳಿಗೆ ಗಾಢವಾದ ಸಲೈನ್ ಕೊಟ್ಟು ಸಾವಿನ ಪ್ರಮಾಣವನ್ನು ಹತ್ತಿರಹತ್ತಿರ ಅರ್ಧಕ್ಕೆ ಇಳಿಸಿದರು. 1971ರಲ್ಲಿ ದಿಲೀಪ್ ಮಹಲನಬಿಸ್ ಗಡಿಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಬಾಟಲಿ ಮುಗಿದುಹೋದಾಗ ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ ಕುಡಿಸಿದರು. ಇಂದಿನ ಓಆರ್‌ಎಸ್ ಜಗತ್ತಿಗೆಲ್ಲ ಪರಿಚಯವಾದದ್ದರಲ್ಲಿ ಆ ಶಿಬಿರದ ಪಾತ್ರ ದೊಡ್ಡದು. (ಸೂಜಿಯೇ ಇಲ್ಲದಿದ್ದರೆ ಸೂಜಿಯಿಂದ ಬರುವ ಅಪಾಯವೂ ಇಲ್ಲ. ಸುರಕ್ಷತೆಯ ಯೋಜಕರು ಈ ಸರಳ ಲೆಕ್ಕವನ್ನು ಆಗಾಗ ಮರೆಯುತ್ತಾರೆ.)

ದೇಶದ ಮೊದಲ ಔಷಧ ಸುರಕ್ಷತಾ ಯೋಜನೆ ಹುಟ್ಟಿದ್ದೂ ಇದೇ ನಗರದ ನಂಟಿನಲ್ಲಿ. 1920ರ ದಶಕದಲ್ಲಿ ಕಲಬೆರಕೆ ಔಷಧ, ಅದರಲ್ಲೂ ಸತ್ವವಿಲ್ಲದ ಕ್ವಿನೈನ್, ಪೇಟೆಯಲ್ಲಿ ತುಂಬಿಹೋಗಿತ್ತು. 1930ರಲ್ಲಿ ಬ್ರಿಟಿಷ್ ಸರ್ಕಾರ ಒಂದು ವಿಚಾರಣಾ ಸಮಿತಿ ನೇಮಿಸಿತು. ಅದರ ಅಧ್ಯಕ್ಷ ಕಲ್ಕತ್ತಾದ ಉಷ್ಣವಲಯ ವೈದ್ಯ ಶಾಲೆಯ ರಾಮನಾಥ್ ಚೋಪ್ರಾ. ಮರುವರ್ಷ ವರದಿ ಬಂತು: ಇಡೀ ದೇಶಕ್ಕೆ ಒಂದು ಕಾನೂನು ಬೇಕು, ಒಂದು ಕೇಂದ್ರ ಪ್ರಯೋಗಾಲಯ ಬೇಕು. 1937ರಲ್ಲಿ ಕಲ್ಕತ್ತಾದಲ್ಲಿ ಪ್ರಯೋಗಾಲಯ ಶುರುವಾಯಿತು, 1940ರಲ್ಲಿ ಔಷಧ ಕಾಯ್ದೆ ಬಂತು. ಆ ಪ್ರಯೋಗಾಲಯವೇ ಬೆಳೆದು ಇಂದಿನ ಕೇಂದ್ರ ಔಷಧ ಪ್ರಯೋಗಾಲಯವಾಗಿದೆ. ಅದು ಈಗ ಕೋಲ್ಕತ್ತದ ಕಿಡ್ ಸ್ಟ್ರೀಟ್‌ನಲ್ಲಿದೆ. ಔಷಧದ ಗುಣಮಟ್ಟದ ಬಗ್ಗೆ ತಕರಾರು ಎದ್ದು ನ್ಯಾಯಾಲಯ ಮಾದರಿಯನ್ನು ಅಲ್ಲಿಗೆ ಕಳಿಸಿದರೆ, ಅವರು ಕೊಡುವ ವರದಿಯೇ ಕಾನೂನಿನ ಕಣ್ಣಿಗೆ ಅಂತಿಮ ಸಾಕ್ಷ್ಯ.

ಬಳ್ಳಾರಿ ಪ್ರಕರಣದ ಒಂದು ಗಂಟು ಇರುವುದು ಇಲ್ಲಿಯೇ. ಈ ಸಾವುಗಳಿಗೆ ಮುಂಚೆಯೇ ಕರ್ನಾಟಕದ ಪ್ರಯೋಗಾಲಯ ಈ ಕಂಪನಿಯ ಕೆಲವು ಬ್ಯಾಚುಗಳನ್ನು ಗುಣಮಟ್ಟವಿಲ್ಲ ಎಂದು ತಳ್ಳಿಹಾಕಿತ್ತು. ಕಂಪನಿ ಅದನ್ನು ಒಪ್ಪಲಿಲ್ಲ. ಕೇಂದ್ರ ಪ್ರಯೋಗಾಲಯದ ಪರೀಕ್ಷೆಯಲ್ಲಿ ಕೆಲವು ಮಾದರಿಗಳು ಪಾಸಾದವು. ತಡೆದಿಟ್ಟಿದ್ದ ಸರಕು ಮತ್ತೆ ಆಸ್ಪತ್ರೆಗಳಿಗೆ ಹರಿಯಲು ಇದು ದಾರಿ ಮಾಡಿತು. ಯಾರು ಸರಿ, ಯಾರು ತಪ್ಪು ಎಂದು ಇಲ್ಲಿ ತೀರ್ಪು ಕೊಡುವ ಅಗತ್ಯವಿಲ್ಲ. ಒಂದೇ ಔಷಧದ ಬಗ್ಗೆ ಎರಡು ಸರ್ಕಾರಿ ಪ್ರಯೋಗಾಲಯಗಳು ಎರಡು ಮಾತಾಡಿದಾಗ ಅದರ ಲಾಭ ರೋಗಿಗೆ ಸಿಗಬೇಕೋ, ಸರಬರಾಜುದಾರನಿಗೆ ಸಿಗಬೇಕೋ? ನಮ್ಮ ಕಾನೂನು 1940ರ ವಾಣಿಜ್ಯ ವ್ಯಾಜ್ಯದ ಬುದ್ಧಿಯಿಂದಲೇ ಇದಕ್ಕೆ ಉತ್ತರ ಹೇಳುತ್ತಿದೆ.

ಪರೀಕ್ಷೆಗಳು ಒಂದಕ್ಕೊಂದು ತಾಳೆಯಾಗದಿರಲು ವಿಜ್ಞಾನದ ಕಾರಣವೂ ಇದೆ. ಆರ್‌ಎಲ್ ಅಂದರೆ ಮೂಲತಃ ನೀರು, ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂಗಳ ಲವಣ, ಜೊತೆಗೆ ಲ್ಯಾಕ್ಟೇಟ್. ಇದರಲ್ಲಿ ಹಾಳಾಗುವಂಥದ್ದೇನಿದೆ ಅನಿಸಬಹುದು. ಅಪಾಯ ಇರುವುದು ಸತ್ತ ಬ್ಯಾಕ್ಟೀರಿಯಾಗಳಲ್ಲಿ. ಕುದಿಸಿ, ಒತ್ತಡದ ಹಬೆ ಕೊಟ್ಟು ಬ್ಯಾಕ್ಟೀರಿಯಾವನ್ನು ಕೊಂದರೂ ಅದರ ಹೊರಕವಚದ ಚೂರುಗಳು ದ್ರವದಲ್ಲಿ ಉಳಿಯುತ್ತವೆ. ಎಂಡೋಟಾಕ್ಸಿನ್ ಎನ್ನುವುದು ಇವನ್ನೇ. ಬಾಯಿಂದ ಹೊಟ್ಟೆಗೆ ಹೋದರೆ ಹೆಚ್ಚೇನೂ ಆಗದು. ನೇರ ರಕ್ತಕ್ಕೆ ಇಳಿದರೆ ಚಳಿಜ್ವರ ಬಂದು, ರಕ್ತದೊತ್ತಡ ಕುಸಿದು, ಕಿಡ್ನಿ ನಿಲ್ಲಬಹುದು. ಕಣ್ಣಿಗೆ ದ್ರವ ತಿಳಿಯಾಗಿಯೇ ಇರುತ್ತದೆ. ಒಂದು ಬ್ಯಾಚಿನಲ್ಲಿ ಸಾವಿರಾರು ಬಾಟಲಿಗಳಿರುತ್ತವೆ. ಪರೀಕ್ಷೆಗೆ ಹೋಗುವುದು ಬೆರಳೆಣಿಕೆಯಷ್ಟು. ಹಾಗಾಗಿ ಪ್ರಯೋಗಾಲಯದ ‘ಪಾಸ್’ ಅನ್ನುವ ಮುದ್ರೆ ಮಾತ್ರ ಸಾಲದು. ವಾರ್ಡಿನಲ್ಲಿ ಡ್ರಿಪ್ ಹಾಕಿದ ಮೇಲೆ ಬಾಣಂತಿಗೆ ನಡುಕ ಬಂದದ್ದನ್ನು ಕಂಡ ನರ್ಸ್ ಅದನ್ನು ಯಾರಿಗೆ ಹೇಳುತ್ತಾಳೆ, ಹೇಳಿದ್ದು ಎಲ್ಲಿಯವರೆಗೆ ಹೋಗುತ್ತದೆ ಎನ್ನುವುದೂ ಅಷ್ಟೇ ಮುಖ್ಯ.

ಬಳ್ಳಾರಿಯಿಂದ ಸುದ್ದಿ ಹೊರಡಲೇ ಇಲ್ಲ ಎಂದಲ್ಲ. ಕರ್ನಾಟಕ ಈ ದ್ರವದ ಬಳಕೆ ನಿಲ್ಲಿಸಿತು. ಡಿಸೆಂಬರ್‌ನಲ್ಲಿ ಬಂಗಾಳದ ಔಷಧ ನಿಯಂತ್ರಣ ಇಲಾಖೆ ಕಂಪನಿಗೆ ತಯಾರಿಕೆ ನಿಲ್ಲಿಸಲು ಹೇಳಿತು. ಆದರೆ ಕಾರ್ಖಾನೆಗೆ ಬೀಗ ಬಿದ್ದರೂ ಆಸ್ಪತ್ರೆಗಳ ಉಗ್ರಾಣದಲ್ಲಿ ಇದ್ದ ಬಾಟಲಿಗಳು ಇದ್ದಲ್ಲೇ ಇದ್ದವು. ಅವನ್ನು ಬಳಸಬೇಡಿ ಎಂಬ ಸೂಚನೆ ಆಸ್ಪತ್ರೆಗಳಿಗೆ ಹೋಗುವಷ್ಟರಲ್ಲಿ ಜನವರಿ ಬಂದಿತ್ತು. ಈ ವಿಳಂಬ ಏಕೆ ಎಂದು ಕಲ್ಕತ್ತಾ ಹೈಕೋರ್ಟೂ ಕೇಳಿತು. ವಿಚಿತ್ರವೆಂದರೆ, ಅಪಾಯಕಾರಿ ಔಷಧವನ್ನು ಹಿಂಪಡೆಯಲು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಮಾರ್ಗಸೂಚಿಯೊಂದು 2012ರಿಂದಲೇ ಇದೆ. ಅತಿ ಗಂಭೀರ ಎನಿಸಿದ್ದನ್ನು 24 ಗಂಟೆಯೊಳಗೆ, ಹೆಚ್ಚೆಂದರೆ 72 ಗಂಟೆಯೊಳಗೆ ಹಿಂದಕ್ಕೆ ಪಡೆಯಬೇಕು ಎನ್ನುತ್ತದೆ ಅದು. ಆದರೆ ಅದು ಮಾರ್ಗಸೂಚಿ. ಮಾರ್ಗಸೂಚಿ ಮೀರಿದವನಿಗೆ ಯಾವ ನೋಟಿಸೂ ಬರುವುದಿಲ್ಲ.

ಹೀಗಾಗಬಾರದೆಂದೇ ಕೇಂದ್ರ ಆರೋಗ್ಯ ಸಚಿವಾಲಯ 2018ರಲ್ಲಿ ರಾಷ್ಟ್ರೀಯ ರೋಗಿ ಸುರಕ್ಷತಾ ಅನುಷ್ಠಾನ ಚೌಕಟ್ಟನ್ನು ಹೊರತಂದಿತ್ತು. ಅವಧಿ 2018ರಿಂದ 2025. ವ್ಯವಸ್ಥೆಯೊಳಗೇ ಸುರಕ್ಷತೆಯನ್ನು ಕೂಡಿಸುವುದು, ಅವಘಡಗಳನ್ನು ದಾಖಲಿಸಿ ವರದಿ ಮಾಡುವ ಏರ್ಪಾಡು, ಸಿಬ್ಬಂದಿಯ ತರಬೇತಿ, ಆಸ್ಪತ್ರೆಯಲ್ಲೇ ತಗಲುವ ಸೋಂಕುಗಳ ತಡೆ, ಸುರಕ್ಷಿತ ಹೆರಿಗೆ–ಶಸ್ತ್ರಚಿಕಿತ್ಸೆ–ಇಂಜೆಕ್ಷನ್–ರಕ್ತ, ಕೊನೆಗೆ ಸಂಶೋಧನೆ ಎಂದು ಆರು ಆದ್ಯತೆಗಳು. ವಿಶ್ವ ಆರೋಗ್ಯ ಸಂಸ್ಥೆ 2021ರಿಂದ 2030ರವರೆಗಿನ ಜಾಗತಿಕ ಯೋಜನೆ ಒಪ್ಪಿಕೊಳ್ಳುವ ಮೊದಲೇ ನಮ್ಮದು ಸಿದ್ಧವಿತ್ತು. ಕಾಗದದಲ್ಲಿ ನಾವು ಯಾವತ್ತೂ ಹಿಂದೆ ಬಿದ್ದವರಲ್ಲ. ತೊಡಕಿರುವುದು ಎರಡನೆಯ ಆದ್ಯತೆಯಲ್ಲಿ, ಅಂದರೆ ಅವಘಡಗಳ ವರದಿಯಲ್ಲಿ. ಆರೋಗ್ಯ ರಾಜ್ಯಗಳ ವಿಷಯ. ಖಾಸಗಿ ಆಸ್ಪತ್ರೆಗಳಿಗೆ ಕರ್ನಾಟಕದಲ್ಲಿ ಒಂದು ಕಾಯ್ದೆ, ಬಂಗಾಳದಲ್ಲಿ 2017ರ ಇನ್ನೊಂದು. ಔಷಧ ತಯಾರಿಕೆಗೆ ಪರವಾನಗಿ ಕೊಡುವುದು ರಾಜ್ಯ. ಡ್ರಿಪ್ ದ್ರವದಂಥವಕ್ಕೆ ಕೇಂದ್ರದ ಒಪ್ಪಿಗೆಯೂ ಬೇಕು. ಟೆಂಡರ್ ಕರೆದು ಕೊಳ್ಳುವುದು ಇನ್ನೊಂದು ರಾಜ್ಯದ ನಿಗಮ. ಇಷ್ಟು ಕೈಗಳ ನಡುವೆ ಒಂದು ಎಚ್ಚರಿಕೆಯ ಮಾತು ಯಾರ ಮೇಜಿನಲ್ಲಿ ಬೇಕಾದರೂ ರಾತ್ರಿ ಕಳೆಯಬಹುದು.

ಇನ್ನು ಎಚ್ಚರಿಕೆ ಹೊರಡಬೇಕಾದ ಜಾಗಕ್ಕೆ, ಅಂದರೆ ಆಸ್ಪತ್ರೆಯ ಒಳಕ್ಕೇ, ಬರೋಣ. ಬಳ್ಳಾರಿಯ ನಂತರ ಕರ್ನಾಟಕ ಸರ್ಕಾರ ರಾಜ್ಯ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಮೇದಿನೀಪುರದ ನಂತರ ಬಂಗಾಳ ಸರ್ಕಾರ 12 ವೈದ್ಯರನ್ನು ಅಮಾನತು ಮಾಡಿತು. ಅವರಲ್ಲಿ ಆರು ಮಂದಿ ಇನ್ನೂ ಸ್ನಾತಕೋತ್ತರ ಓದುತ್ತಿದ್ದವರು. ಹಿರಿಯರು ಆಪರೇಷನ್ ಥಿಯೇಟರಿನಲ್ಲಿ ಇರಲಿಲ್ಲ, ಕಿರಿಯರೇ ಶಸ್ತ್ರಚಿಕಿತ್ಸೆ ಮಾಡಿದರು ಎನ್ನುವುದು ಸರ್ಕಾರದ ವಾದ. ದ್ರವದ ದೋಷವನ್ನು ನಮ್ಮ ತಲೆಗೆ ಕಟ್ಟುತ್ತಿದ್ದಾರೆ ಎನ್ನುವುದು ವೈದ್ಯರದು. ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಕರ್ತವ್ಯದಲ್ಲಿದ್ದ ಕಿರಿಯ ವೈದ್ಯೆಯ ಮೇಲೆ ಅತ್ಯಾಚಾರ, ಕೊಲೆ ನಡೆದು ಆಗ ಐದು ತಿಂಗಳಷ್ಟೇ ಆಗಿತ್ತು. ಸರ್ಕಾರ ಮತ್ತು ವೈದ್ಯರ ನಡುವೆ ನಂಬಿಕೆ ಎಂಬುದು ಉಳಿದಿರಲೇ ಇಲ್ಲ. ಫೆಬ್ರವರಿಯಲ್ಲಿ ಕಿರಿಯರ ಅಮಾನತನ್ನು ಹಿಂತೆಗೆದುಕೊಂಡರು.

ಹಿರಿಯರು ಗೈರಾಗಿದ್ದರೆ ಅದಕ್ಕೆ ಶಿಕ್ಷೆ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಅವಘಡವಾದ ಬೆನ್ನಲ್ಲೇ ಅಮಾನತಿನ ಆದೇಶ ಬರುವ ಊರಿನಲ್ಲಿ ಮುಂದಿನ ಸಲ ಡ್ರಿಪ್ ಹಾಕಿದಾಗ ನಡುಕ ಬಂದದ್ದನ್ನು ಯಾವ ನರ್ಸ್ ಬರೆದಿಡುತ್ತಾಳೆ? ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ 2003ರ ಸುಮಾರಿಗೆ ರಾಷ್ಟ್ರಮಟ್ಟದ ವರದಿ ವ್ಯವಸ್ಥೆಯೊಂದನ್ನು ಆರಂಭಿಸಿತು. ಸಿಬ್ಬಂದಿ ತಮ್ಮ ಹೆಸರು ಹೇಳದೆಯೇ ತಪ್ಪುಗಳನ್ನು ತಿಳಿಸಬಹುದಿತ್ತು, ಕೂದಲೆಳೆಯಲ್ಲಿ ತಪ್ಪಿಹೋದವುಗಳನ್ನು ಕೂಡ. ಬರುಬರುತ್ತ ವರ್ಷಕ್ಕೆ ಇಪ್ಪತ್ತು ಲಕ್ಷದ ಆಸುಪಾಸು ವರದಿಗಳು ಬರತೊಡಗಿದವು. ಅಲ್ಲಿ ವರದಿ ಹೆಚ್ಚಿದ ಆಸ್ಪತ್ರೆಯನ್ನು ಕೆಟ್ಟ ಆಸ್ಪತ್ರೆ ಎನ್ನುವುದಿಲ್ಲ. ವರದಿಯೇ ಬಾರದ ಆಸ್ಪತ್ರೆಯನ್ನು ಅನುಮಾನದಿಂದ ನೋಡುತ್ತಾರೆ. ನಮ್ಮಲ್ಲಿ ಇದು ತಿರುವುಮುರುವು.

ಕೋಲ್ಕತ್ತ ಇದಕ್ಕೂ ಮುಂಚೆ ಒಂದು ಭಾರಿ ಬೆಲೆ ತೆತ್ತಿದೆ. 2011ರ ಡಿಸೆಂಬರ್ 9ರ ನಸುಕಿನಲ್ಲಿ ಢಾಕುರಿಯಾದ ಆಮ್ರಿ ಆಸ್ಪತ್ರೆಯ ನೆಲಮಾಳಿಗೆಗೆ ಬೆಂಕಿ ಬಿತ್ತು. ಕಾರು ನಿಲ್ಲಿಸಬೇಕಿದ್ದ ಜಾಗದಲ್ಲಿ ಬೇಗ ಹತ್ತಿಕೊಳ್ಳುವ ಸಾಮಾನು ತುಂಬಿತ್ತು. ಗಾಜಿನಿಂದ ಮುಚ್ಚಿದ್ದ ಕಟ್ಟಡದಲ್ಲಿ ಹೊಗೆ ಮೇಲಿನ ಮಹಡಿಗಳಿಗೇರಿತು. 90ರ ಆಸುಪಾಸು ಜನ, ಬಹುಪಾಲು ಎದ್ದು ಓಡಲಾರದ ರೋಗಿಗಳು, ಉಸಿರುಗಟ್ಟಿ ಸತ್ತರು. ಮೊದಲು ಹೊಗೆ ಕಂಡು ಓಡಿಬಂದ ಪಕ್ಕದ ಕೊಳೆಗೇರಿಯ ಹುಡುಗರನ್ನು ಕಾವಲಿನವರು ಒಳಗೆ ಬಿಡಲಿಲ್ಲ ಎಂಬ ಮಾತು ಆಗಲೇ ಪತ್ರಿಕೆಗಳಲ್ಲಿ ಬಂದಿತ್ತು. ಅಪಾಯವನ್ನು ಮೊದಲು ಕಾಣುವವರು ಅನೇಕ ಸಲ ವ್ಯವಸ್ಥೆಯ ಪಾಲಿಗೆ ಲೆಕ್ಕಕ್ಕಿಲ್ಲದವರೇ ಆಗಿರುತ್ತಾರೆ.

ಕರ್ನಾಟಕದಿಂದ ಒಂದು ಒಳ್ಳೆಯ ಉದಾಹರಣೆಯನ್ನೂ ಹೇಳಬೇಕು, ಅದರ ಮುಂದುವರಿದ ಭಾಗ ಅಷ್ಟು ಸಿಹಿಯಾಗಿಲ್ಲದಿದ್ದರೂ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪರಿಶೀಲನಾ ಪಟ್ಟಿಯನ್ನು ಮೊದಲ ಹಂತದಲ್ಲಿ ಪರೀಕ್ಷಿಸಿದ ಜಾಗಗಳಲ್ಲಿ ನಮ್ಮ ರಾಜ್ಯದ ಒಂದು ಹೆರಿಗೆ ಕೇಂದ್ರವೂ ಇತ್ತು. ಕೈ ತೊಳೆದಿರಾ, ಬಾಣಂತಿಯ ರಕ್ತದೊತ್ತಡ ನೋಡಿದಿರಾ, ಮಗುವನ್ನು ಬೆಚ್ಚಗಿಟ್ಟಿರಾ ಎಂಬಂಥ 29 ಕೆಲಸಗಳ ಪಟ್ಟಿ ಅದು. ಪಟ್ಟಿ ಬರುವ ಮುನ್ನ ಪ್ರತಿ ಹೆರಿಗೆಯಲ್ಲಿ ಸರಾಸರಿ 10 ಕೆಲಸಗಳಾಗುತ್ತಿದ್ದವು. ಬಂದ ಮೇಲೆ 25. 2012ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ಎಲ್ಲರೂ ಹುರುಪುಗೊಂಡರು. ಮುಂದೆ ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ಇದನ್ನೇ ದೊಡ್ಡದಾಗಿ ಮಾಡಿ ನೋಡಿದರು. 2017ರಲ್ಲಿ ಫಲಿತಾಂಶ ಬಂತು: ಕೆಲಸಗಳು ಸುಧಾರಿಸಿದ್ದವು, ತಾಯಿ–ಮಗುವಿನ ಸಾವು ಕಡಿಮೆಯಾಗಿರಲಿಲ್ಲ. ರಕ್ತ ಇಲ್ಲದ, ರಾತ್ರಿ ಅರಿವಳಿಕೆ ವೈದ್ಯರಿಲ್ಲದ ಕಡೆ ಪಟ್ಟಿಗೆ ಟಿಕ್ ಹಾಕಿದರೆ ಎಷ್ಟು ದೂರ ಹೋದೀತು? ಮೇಲಾಗಿ, ಬಾಟಲಿಯ ಒಳಗೇ ಇರುವ ದೋಷವನ್ನು ಯಾವ ಪರಿಶೀಲನಾ ಪಟ್ಟಿಯೂ ಹಿಡಿಯಲಾರದು.

ಬಳ್ಳಾರಿಯ ನಂತರ ಕರ್ನಾಟಕ ಒಂದು ಕೆಲಸವನ್ನು ಸರಿಯಾಗಿ ಮಾಡಿತು ಎನ್ನಬೇಕು. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಾದ 464 ತಾಯಂದಿರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ, ವರದಿಯನ್ನು ಜನರ ಮುಂದಿಟ್ಟಿತು. ಶೇ 70ಕ್ಕೂ ಹೆಚ್ಚು ಸಾವುಗಳನ್ನು ತಡೆಯಬಹುದಿತ್ತು. 18 ಸಾವುಗಳಿಗೆ ಆರ್‌ಎಲ್ ನಂಟಿರುವ ಶಂಕೆ ಇದೆ ಎಂದಿತು ಆ ವರದಿ. ಐದು ಸಾವಿನ ಸುದ್ದಿಯಾಗಿ ಶುರುವಾದದ್ದು ಹದಿನೆಂಟಕ್ಕೆ ಹೋಗಿ ನಿಂತಿತು. ಅಂದರೆ ಬಳ್ಳಾರಿಗೂ ಮುಂಚೆ ಎಲ್ಲೋ ಯಾರೋ ಇದನ್ನು ಕಂಡಿದ್ದಿರಬಹುದು, ಕಂಡದ್ದು ಕೇಸ್ ಶೀಟಿನೊಳಗೇ ಉಳಿದಿರಬಹುದು.

2018ರ ಚೌಕಟ್ಟಿನ ಅವಧಿ ಈಗ ಮುಗಿದಿದೆ. ಮುಂದಿನದನ್ನು ಬರೆಯುವವರಿಗೆ ಆರು ಆದ್ಯತೆ ಬೇಡ, ಮೂರು ಸಾಕು ಎಂಬುದು ನನ್ನ ಅಭಿಪ್ರಾಯ. ಔಷಧ ಹಿಂಪಡೆಯುವ 72 ಗಂಟೆಯ ಗಡುವಿಗೆ ಕಾನೂನಿನ ಬಲ ಕೊಡಲಿ. ಒಂದು ರಾಜ್ಯದಲ್ಲಿ ಬ್ಯಾಚ್ ತಡೆದ ತಕ್ಷಣ ಎಲ್ಲ ರಾಜ್ಯಗಳ ಉಗ್ರಾಣಗಳಲ್ಲಿ ಅದೇ ಬ್ಯಾಚ್ ತಾನಾಗಿ ತಡೆಯಾಗುವ ಏರ್ಪಾಡಾಗಲಿ. ವರದಿ ಮಾಡಿದ ಸಿಬ್ಬಂದಿಗೆ ಆ ವರದಿಯ ಕಾರಣಕ್ಕೆ ಶಿಕ್ಷೆಯಾಗದಂತೆ ಲಿಖಿತ ರಕ್ಷಣೆ ಸಿಗಲಿ. ಉಳಿದ ತರಬೇತಿ, ಸಮ್ಮೇಳನ, ಸೆಪ್ಟೆಂಬರ್ 17ರ ವಿಶ್ವ ರೋಗಿ ಸುರಕ್ಷತಾ ದಿನದ ಬ್ಯಾನರುಗಳು ಹೇಗೂ ನಡೆಯುತ್ತವೆ.

ಅಷ್ಟರೊಳಗೆ ಓದುಗರ ಕೈಯಲ್ಲೇ ಇರುವ ಒಂದು ದಾರಿ ಹೇಳಿಬಿಡುತ್ತೇನೆ. ಔಷಧದ ದುಷ್ಪರಿಣಾಮಗಳನ್ನು ಗಮನಿಸಲು ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮ 2010ರಿಂದ ನಡೆಯುತ್ತಿದೆ. ಅದರ ರಾಷ್ಟ್ರೀಯ ಕೇಂದ್ರ ಗಾಜಿಯಾಬಾದ್‌ನಲ್ಲಿದೆ. ವೈದ್ಯರಷ್ಟೇ ಅಲ್ಲ, ರೋಗಿ ಅಥವಾ ಮನೆಯವರೂ ಅಲ್ಲಿಗೆ ವರದಿ ಮಾಡಬಹುದು. ಅರ್ಜಿ ನಮೂನೆ ಕನ್ನಡದಲ್ಲೂ ಇದೆ, ಬಂಗಾಳಿಯಲ್ಲೂ ಇದೆ. ಶುಲ್ಕವಿಲ್ಲದ ದೂರವಾಣಿ 1800-180-3024. ಕರೆ ಮಾಡುವ ಮುನ್ನ ಔಷಧದ ಹೆಸರು, ತಯಾರಕರ ಹೆಸರು, ಕೊಟ್ಟ ದಿನ, ತೊಂದರೆ ಶುರುವಾದ ಹೊತ್ತು ಬರೆದಿಟ್ಟುಕೊಳ್ಳಿ. ಡ್ರಿಪ್ ಹಾಕುತ್ತಿದ್ದರೆ ಬಾಟಲಿಯ ಚೀಟಿಯಲ್ಲಿರುವ ಬ್ಯಾಚ್ ನಂಬರನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಖಾಲಿ ಬಾಟಲಿ ಕಸದ ಬುಟ್ಟಿ ಸೇರಿದ ಮೇಲೆ ಆ ನಂಬರ್ ಸಿಗುವುದಿಲ್ಲ, ನಂಬರಿಲ್ಲದೆ ಯಾವ ಬ್ಯಾಚನ್ನೂ ತಡೆಹಿಡಿಯಲಾಗುವುದಿಲ್ಲ.