ಆಂಟ್‌ವರ್ಪಿನ ಹತ್ತೊಂಬತ್ತನೆಯವರು

1920ರ ಆಗಸ್ಟ್ 22ರಂದು ಬೆಲ್ಜಿಯಮಿನ ಆಂಟ್‌ವರ್ಪ್ ನಗರದಲ್ಲಿ ಒಲಿಂಪಿಕ್ ಮ್ಯಾರಥಾನ್ ಓಟ ನಡೆಯಿತು. ಗೆದ್ದವರು ಫಿನ್ಲೆಂಡಿನ ಹಾನೆಸ್ ಕೊಲೆಹ್ಮಾಯಿನೆನ್. ಎಂಟು ವರ್ಷಗಳ ಹಿಂದೆ, 1912ರಲ್ಲಿ, ಸ್ಟಾಕ್‌ಹೋಮಿನಲ್ಲಿ ಮೂರು ಚಿನ್ನದ ಪದಕಗಳನ್ನು ಗಳಿಸಿದ್ದ ಈತನ ಹೆಸರು ಓಟದ ಚರಿತ್ರೆಯಲ್ಲಿ ಎಲ್ಲಿ ನೋಡಿದರೂ ಸಿಗುತ್ತದೆ. ಆದರೆ ಅದೇ ಫಲಿತಾಂಶದ ಪಟ್ಟಿಯಲ್ಲಿ ಕಣ್ಣನ್ನು ಇನ್ನಷ್ಟು ಕೆಳಗಿಳಿಸಿದರೆ, 19ನೆಯ ಸ್ಥಾನದಲ್ಲಿ, ನಮ್ಮ ಕಿವಿಗೆ ನಂಟಿನವರಂತೆ ಕೇಳಿಸುವ ಹೆಸರೊಂದು ಎದುರಾಗುತ್ತದೆ: ಫಡೆಪ್ಪ ದರೆಪ್ಪ ಚೌಗುಲೆ, ಬೆಳಗಾವಿಯ ಕಡೆಯವರು.

ಹೆಸರೇ ಅರ್ಧ ಕತೆಯನ್ನು ಹೇಳುತ್ತದೆ. ಮಗನ ಹೆಸರಿಗೂ ತಂದೆಯ ಹೆಸರಿಗೂ ‘ಅಪ್ಪ’ ಹತ್ತಿಕೊಂಡದ್ದು ಕನ್ನಡ ನೆಲದ ವಾಡಿಕೆ. ಚೌಗುಲೆ ಎಂಬುದು ಹಳೆಯ ಗ್ರಾಮಾಡಳಿತದಲ್ಲಿ ಪಾಟೀಲನ ಕೈಕೆಳಗಿನ ವತನದಾರನ ಹುದ್ದೆ. ಅಂದಮೇಲೆ ಈ ಮನೆತನದ ಬೇರು ಊರ ಮಣ್ಣಿನಲ್ಲಿಯೇ ಇದ್ದಿರಬೇಕು.

ಇಂಥವರು ಸಮುದ್ರ ದಾಟಿದ್ದು ಹೇಗೆ? ಆಗ ಭಾರತಕ್ಕೆ ಒಲಿಂಪಿಕ್ ಸಂಸ್ಥೆಯೇ ಇರಲಿಲ್ಲ. ಅದು ಹುಟ್ಟಿದ್ದು 1927ರಲ್ಲಿ. ಪುಣೆಯ ಡೆಕ್ಕನ್ ಜಿಮಖಾನಾ ಏರ್ಪಡಿಸುತ್ತಿದ್ದ ಕ್ರೀಡಾಕೂಟವೇ ಇದಕ್ಕೆ ಕಾರಣವಾಯಿತು. ಅದರ ಅಧ್ಯಕ್ಷತೆ ವಹಿಸಿದ್ದ ದೊರಾಬ್ಜಿ ಟಾಟಾ ಅವರು ಇಂಗ್ಲೆಂಡಿನಲ್ಲಿ ಓದಿ, ಆಟಪಾಟಗಳ ರುಚಿ ಕಂಡುಬಂದವರು. ಸ್ಪರ್ಧಿಗಳಲ್ಲಿ ಬಹಳಷ್ಟು ಮಂದಿ ಹೊಲಗೆಲಸದ ಹುಡುಗರು. ಓಟದ ಕ್ರಮ, ನಿಯಮ, ತರಬೇತಿ ಯಾವುದೂ ಅವರಿಗೆ ತಿಳಿಯದು. ಕಾಲಲ್ಲಿ ಬೂಟಿಲ್ಲ. ಹೀಗಿದ್ದೂ ಖಡಿ ಹಾಕಿದ ರಸ್ತೆಯ ಮೇಲೆ ದೂರದ ಓಟವನ್ನು ಮುಗಿಸುತ್ತಿದ್ದರು. ಅವರು ತೆಗೆದುಕೊಂಡ ವೇಳೆ ಯುರೋಪಿನ ಓಟಗಾರರಿಗಿಂತ ಬಹಳ ಹಿಂದೆ ಬೀಳುವಂಥದಲ್ಲವೆಂದು ಟಾಟಾ ಅವರಿಗೆ ತೋರಿತು. ಮುಂಬಯಿಯ ಗವರ್ನರ್ ಜಾರ್ಜ್ ಲಾಯ್ಡ್ ಅವರ ಬೆಂಬಲ ದೊರೆಯಿತು, ಹಣ ಕೂಡಿತು, ಕಡಿಮೆಯಾದದ್ದನ್ನು ಟಾಟಾ ಅವರೇ ತುಂಬಿದರು. 1920ರಲ್ಲಿ ಆಯ್ಕೆಯಾಗಿ ಹೋದ ಚಿಕ್ಕ ತಂಡದಲ್ಲಿ ಚೌಗುಲೆಯವರಲ್ಲದೆ ಪೂರ್ಮ ಬ್ಯಾನರ್ಜಿ, ಸದಾಶಿವ ದಾತಾರ ಮೊದಲಾದ ಓಟಗಾರರೂ ಕುಸ್ತಿಯ ಇಬ್ಬರೂ ಇದ್ದರು.

ಆ ವರ್ಷದ ಮ್ಯಾರಥಾನಿನ ದೂರ 42.75 ಕಿಲೋಮೀಟರು. ಇಂದು ನಾವು ತಿಳಿದಿರುವ 42.195 ಕಿಲೋಮೀಟರಿನ ಅಳತೆ ಸ್ಥಿರವಾದದ್ದು ಮರುವರ್ಷ. ಹೀಗಾಗಿ ಒಲಿಂಪಿಕ್ ಮ್ಯಾರಥಾನುಗಳಲ್ಲೆಲ್ಲ ಅತಿ ಉದ್ದದ್ದನ್ನು ಓಡುವ ಯೋಗ ಚೌಗುಲೆಯವರದಾಯಿತು! ದಿನ ತಂಪಾಗಿತ್ತು, ಮಳೆಯೂ ಇತ್ತು. ಓಟಕ್ಕೆ ಅದು ಒಳ್ಳೆಯದೇ. ಆದರೆ ಬೆಳಗಾವಿ-ಪುಣೆಗಳ ಬಿಸಿಲಿಗೆ ಪಳಗಿದ ಮೈಗೆ ಅದು ಹಿತವಾಗಿತ್ತೋ ಇಲ್ಲವೋ. ಹಲವರು ನಡುವೆಯೇ ಓಟ ಬಿಟ್ಟರು. ಜೊತೆಗಾರ ದಾತಾರರೂ ಕೊನೆಮುಟ್ಟಲಿಲ್ಲ. ಚೌಗುಲೆ ಮುಟ್ಟಿದರು. ಹಿಡಿದ ವೇಳೆ 2 ಗಂಟೆ 50 ನಿಮಿಷ 45.4 ಸೆಕೆಂಡು. ಗೆದ್ದವರಿಗಿಂತ 18 ನಿಮಿಷ ಹಿಂದೆ, ನಿಜ. ಆದರೆ ಲೆಕ್ಕ ಹಾಕಿ ನೋಡಿ: ಪ್ರತಿ ಕಿಲೋಮೀಟರಿಗೆ ನಾಲ್ಕು ನಿಮಿಷದಂತೆ, ಸುಮಾರು ಮೂರು ತಾಸು, ಒಂದೇ ಸಮನೆ! ಇಂದಿಗೂ ಹವ್ಯಾಸಿ ಓಟಗಾರರಿಗೆ ಮೂರು ತಾಸಿನ ಒಳಗೆ ಮ್ಯಾರಥಾನ್ ಮುಗಿಸುವುದು ಒಂದು ಹಿರಿಯ ಆಸೆ.

ಅದೇ ಆಂಟ್‌ವರ್ಪಿನಲ್ಲಿ 3,000 ಮೀಟರಿನ ‘ಸ್ಟೀಪಲ್‌ಚೇಸ್’ ಕೂಡ ನಡೆಯಿತು. ಒಲಿಂಪಿಕ್ಸಿನಲ್ಲಿ ಈ ಓಟಕ್ಕೆ ಈಗಿನ ದೂರ ಬಂದದ್ದು ಅಂದೇ; ಗೆದ್ದವರು ಬ್ರಿಟನ್ನಿನ ಪರ್ಸಿ ಹಾಜ್. ಮುಂದೆ 1983ರ ಮೊದಲ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಪಶ್ಚಿಮ ಜರ್ಮನಿಯ ಪ್ಯಾಟ್ರಿಟ್ಸ್ ಇಲ್ಗ್ ಹೆಸರು ಮಾಡಿದ್ದೂ ಇದೇ ಓಟದಲ್ಲಿ. ಶಿರಹಟ್ಟಿ ಸೀಮೆಯ ಮಾಗಡಿಯ ಹುಡುಗನಿಗೆ ಇದನ್ನು ತಿಳಿಯಹೇಳುವುದು ಕಷ್ಟವಲ್ಲ. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಇಳಿಯುವ ಆ ಕೆರೆಯ ಏರಿಯಿಂದ ಜಿಗಿದು, ಶೇಂಗಾ ಹೊಲದ ಬೇಲಿ ಹಾರಿ, ನೀರಿಗೆ ಕಾಲಿಟ್ಟು, ಒದ್ದೆಗಾಲಲ್ಲೇ ಮತ್ತೆ ಓಡುವುದು; ಅದನ್ನೇ ಅಳತೆಗೆ ಕಟ್ಟಿದರೆ ಸ್ಟೀಪಲ್‌ಚೇಸ್. ಇಂದಿನ ಕ್ರಮದಂತೆ 28 ಸಲ ಬೀಳದ ಗಟ್ಟಿ ತಡೆಗಳನ್ನೂ 7 ಸಲ ನೀರಿನ ಗುಂಡಿಯನ್ನೂ ದಾಟಬೇಕು. ಇಲ್ಲಿ ಅಳತೆಯೇ ತೊಡಕು. ತೂಕದ ತೊಲೆ, ಕಟ್ಟಿದ ಗುಂಡಿ, ಸಮಮಾಡಿದ ಅಂಕಣ, ಕಲಿಸುವ ಗುರು ಇವೆಲ್ಲ ಬೇಕು. ಮ್ಯಾರಥಾನಿಗೆ ಬೇಕಾದದ್ದು ರಸ್ತೆ ಮತ್ತು ಕಾಲು. ಬಡವರ ನಾಡಿನ ಮೊದಲ ಒಲಿಂಪಿಕ್ ಓಟಗಾರರಲ್ಲಿ ಚೌಗುಲೆಯವರು ರಸ್ತೆಯ ಓಟದಲ್ಲಿಯೇ ಬೆಳಗಿದ್ದು ನನಗಂತೂ ಆಕಸ್ಮಿಕವೆನಿಸುವುದಿಲ್ಲ. 10,000 ಮೀಟರಿನಲ್ಲಿಯೂ ಅವರು ಕಾಲಿಟ್ಟಿದ್ದರು. ಅಲ್ಲಿ ಫಲ ದೊರೆಯಲಿಲ್ಲ.

19ನೆಯ ಸ್ಥಾನವೆಂದರೆ ಪದಕವಿಲ್ಲದ ಸ್ಥಾನ; ಮೆರವಣಿಗೆಗೂ ಬಾರದು, ಮರೆಯಲು ಅನುಕೂಲವಾದದ್ದು. ಆದರೆ ಅದರ ಬೆಲೆ ಕಟ್ಟಲು ಮುಂದಿನ ವರ್ಷಗಳನ್ನು ನೋಡಬೇಕು. 1936ರ ಬರ್ಲಿನ್, 1952ರ ಹೆಲ್ಸಿಂಕಿ, 1964ರ ಟೋಕಿಯೊ ಹೀಗೆ ಮತ್ತೆ ಮತ್ತೆ ಭಾರತೀಯರು ಒಲಿಂಪಿಕ್ ಮ್ಯಾರಥಾನಿನಲ್ಲಿ ಓಡಿದರು. ಟೋಕಿಯೊದಲ್ಲಿ ಬಾಲಕೃಷ್ಣ ಅಕೋಟ್ಕರ್ 33ನೆಯವರಾದರು. ಅವರ ವೇಳೆ ಚೌಗುಲೆಯವರದಕ್ಕಿಂತ ಎಷ್ಟೋ ಉತ್ತಮ. ಆದರೆ ಜಗತ್ತೂ ಅಷ್ಟರಲ್ಲಿ ವೇಗ ಹೆಚ್ಚಿಸಿಕೊಂಡಿತ್ತು. ಬೆಳಗಾವಿಯವರ ಆ ಸ್ಥಾನವನ್ನು ಭಾರತೀಯನೊಬ್ಬ ದಾಟಲು 56 ವರ್ಷ ಹಿಡಿಯಿತು. 1976ರಲ್ಲಿ ಮಾಂಟ್ರಿಯಲ್ಲಿನಲ್ಲಿ 2 ಗಂಟೆ 16 ನಿಮಿಷ 22 ಸೆಕೆಂಡುಗಳಲ್ಲಿ ಓಡಿ 11ನೆಯವರಾಗಿ ಬಂದವರು ಬಿಹಾರದ ಶಿವನಾಥ ಸಿಂಗ್. ಅವರೂ ಬೂಟು ಬಿಟ್ಟು, ಅಂಗಾಲಿಗೆ ಪಟ್ಟಿ ಅಂಟಿಸಿಕೊಂಡು ಓಡುವುದಕ್ಕೆ ಹೆಸರಾದವರು.