ಮ್ಯೂನಿಕ್‌ನಲ್ಲಿ ಮಗುವಿಗೆ ಜರ್ಮನ್ ಟ್ಯೂಷನ್

ಊರು ಬಿಟ್ಟು ಮ್ಯೂನಿಕ್‌ಗೆ ಬಂದಿದ್ದೀರಾ? ಮಗು ಎರಡನೇ ಕ್ಲಾಸಾ? ಹಾಗಾದ್ರೆ ಜರ್ಮನ್ ಟ್ಯೂಷನ್ ಬಗ್ಗೆ ಈಗಲೇ ಯೋಚಿಸಿ.

ಬವೇರಿಯಾದಲ್ಲಿ ನಾಲ್ಕನೇ ಕ್ಲಾಸಿನ ಮೇ ತಿಂಗಳಲ್ಲಿ ಒಂದು ಅಂಕಪಟ್ಟಿ ಬರುತ್ತೆ. ಜರ್ಮನ್, ಗಣಿತ, ಪರಿಸರ ಅಧ್ಯಯನ ಮೂರರ ಸರಾಸರಿ 2.33 ಅಥವಾ ಅದಕ್ಕಿಂತ ಕಡಿಮೆ ಇದ್ರೆ ಯೂನಿವರ್ಸಿಟಿಗೆ ದಾರಿಯಾಗುವ ಪ್ರೌಢಶಾಲೆ ಗಿಮ್ನಾಜಿಯಂಗೆ ನೇರವಾಗಿ ಸೇರಬಹುದು. ಈ ಅಂಕಗಳಲ್ಲಿ 1 ಅಂದ್ರೆ ಅತ್ಯುತ್ತಮ, 6 ಅಂದ್ರೆ ತೀರಾ ಕಳಪೆ. ಲೆಕ್ಕದಲ್ಲಿ ಚುರುಕಾದ ಮಗು ಕೂಡ ಪ್ರಶ್ನೆಯ ವಾಕ್ಯ ಅರ್ಥವಾಗದೆ ಅಂಕ ಕಳ್ಕೊಳ್ಳುತ್ತೆ. ನನಗೆ ತುಂಬಾ ಸಂಕಟವಾಗೋದು ಇದಕ್ಕೇ.

ಅದಕ್ಕೇ ಟ್ಯೂಷನ್ ಟೀಚರ್‌ಗೆ ಬರೀ ಹೋಂವರ್ಕ್ ಮಾಡಿಸಿ ಅನ್ನಬೇಡಿ. ಶಾಲೆಯ ನೋಟ್‌ಬುಕ್ ಕೊಡಿ; ಯಾವ ತಪ್ಪು ಮತ್ತೆ ಮತ್ತೆ ಆಗ್ತಿದೆ ಅಂತ ಹುಡುಕಲಿ. ಮೇಜಿಗೆ ಬರೀ 'ಟಿಶ್' ಬೇಡ, ಲಿಂಗ ತೋರಿಸುವ ಪದ ಸೇರಿಸಿ 'ಡೇರ್ ಟಿಶ್' ಅಂತಲೇ ಕಲಿಸಲಿ. ಜರ್ಮನ್ ಭಾಷೆಯಲ್ಲಿ ಮೇಜು ಪುಲ್ಲಿಂಗ, ಬಾಗಿಲು ಸ್ತ್ರೀಲಿಂಗ! ಕನ್ನಡದ ಮಗುವಿಗೆ ಇದನ್ನು ಊಹಿಸೋಕೆ ಆಗಲ್ಲ. ಲೆಕ್ಕದ ಪುಸ್ತಕವನ್ನೂ ಜೋರಾಗಿ ಓದಿಸಲಿ.

ಮನೇಲಿ ಕನ್ನಡವೇ ಇರಲಿ, ದಯವಿಟ್ಟು. ಶಾಲೇಲಿ ನಡೆದದ್ದನ್ನು ಮಗು ಕನ್ನಡದಲ್ಲಿ ಮೊದಲಿಂದ ಕೊನೆತನಕ ಹೇಳಲಿ; ಜರ್ಮನ್‌ನಲ್ಲಿ ಕಥೆ ಬರೆಯುವಾಗಲೂ ಆ ಅಭ್ಯಾಸ ಕೈಹಿಡಿಯುತ್ತೆ. ವಾರಕ್ಕೊಮ್ಮೆ ನಗರ ಗ್ರಂಥಾಲಯಕ್ಕೆ ಕರ್ಕೊಂಡು ಹೋಗಿ, ಮಕ್ಕಳಿಗೆ ಕಾರ್ಡ್ ಉಚಿತ.

2.33 ಬರಲಿಲ್ವಾ? ಜರ್ಮನ್, ಗಣಿತ ಎರಡೂ ಸೇರಿ ಮೂರು ದಿನದ ಪ್ರವೇಶ ಪರೀಕ್ಷೆ ಇದೆ. ರಿಯಾಲ್‌ಶುಲೆ ಅನ್ನೋ ಇನ್ನೊಂದು ಬಗೆಯ ಪ್ರೌಢಶಾಲೆ ಸೇರಿದ ಮೇಲೂ ಗಿಮ್ನಾಜಿಯಂಗೆ ದಾರಿ ಇದ್ದೇ ಇದೆ.